‘ನೋ’ ಎಂಬ ಚೌಕದಲ್ಲಿ ನಾನು ಹಾಕಿದ ಟಿಕ್

ನನ್ನ ಮಗಳು ಹೊಟ್ಟೆಯ ಡಾಕ್ಟರು. ಬೋರ್ಡಿನ ಮೇಲೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಎಂದು ಉದ್ದಕ್ಕೆ ಬರೆದಿದೆ. ಹಾವೇರಿಯಲ್ಲಿ ಆ ಪದವನ್ನು ಪೂರ್ತಿ ಓದುವ ಪುರಸೊತ್ತು ಯಾರಿಗೂ ಇಲ್ಲ. ಬಸ್ ಸ್ಟ್ಯಾಂಡಿನ ಆಟೋದವರಿಗೆ ಅದು ‘ಹೊಟ್ಟಿ ಡಾಕ್ಟರ್ ಬಾಯಾರ ದವಾಖಾನಿ’. ಆ ದವಾಖಾನೆಯ ಹೊರಗಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ ನಾನು ನಾಲ್ಕು ವರ್ಷ ಕೂತಿದ್ದೇನೆ. ಕೆಲಸಕ್ಕೆ ಸೇರಿದವಳಲ್ಲ. ರಿಟೈರ್ ಆದ ಇಂಗ್ಲಿಷ್ ಟೀಚರು, ಮನೆಯಲ್ಲಿ ಕೂತು ಕ್ರಾಸ್‌ವರ್ಡ್ ತುಂಬುವುದಕ್ಕಿಂತ ಫಾರ್ಮ್ ತುಂಬುವುದು ಮೇಲು ಎಂದುಕೊಂಡು ಹೋದವಳು.

ಈಗ ಬರೆಯುತ್ತಿರುವುದು ಅಂಥ ಒಂದು ಫಾರ್ಮಿನ ಬಗ್ಗೆ. ಅದರಲ್ಲಿ ನಾನು ತಪ್ಪು ಬರೆದೆ. ಕೈತಪ್ಪಿ ಅಲ್ಲ, ಗೊತ್ತಿದ್ದೇ ಬರೆದೆ. ಅದರಿಂದ ಬ್ಯಾಡಗಿಯ ಒಬ್ಬ ಹೆಣ್ಣುಮಗಳ ಐದು ತಿಂಗಳು ಹೋದವು. ಆ ಐದು ತಿಂಗಳ ಬೆಲೆ ಏನು ಎನ್ನುವುದು ನನಗಿನ್ನೂ ಗೊತ್ತಾಗಿಲ್ಲ.

ನಾನು ಕಲಿತದ್ದು ಹುಬ್ಬಳ್ಳಿಯ ಒಂದು ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ಹೊಟ್ಟೆ ನೋವಾದರೆ ನಾವು ‘ಸಿಸ್ಟರ್, ಐ ಆಮ್ ನಾಟ್ ಫೀಲಿಂಗ್ ವೆಲ್’ ಎನ್ನಬೇಕಿತ್ತು. ಎಲ್ಲಿ, ಏನು ಎಂದು ಅವರೂ ಕೇಳುತ್ತಿರಲಿಲ್ಲ. ಸಿಕ್ ರೂಮಿನಲ್ಲಿ ಮಲಗಿಸಿ, ನಿಂಬೆಹಣ್ಣಿನ ನೀರು ಕೊಟ್ಟು, ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಈಗಲೂ ನನಗೆ ಆ ಸಿಕ್ ರೂಮಿನ ಬಿಳಿ ಪರದೆ, ಹೊರಗೆ ಹುಡುಗಿಯರು ಹಾಡು ಪ್ರ್ಯಾಕ್ಟೀಸ್ ಮಾಡುವ ಸದ್ದು ನೆನಪಾಗಿ ಎದೆ ಮೆತ್ತಗಾಗುತ್ತದೆ. ಅಲ್ಲಿ ಕಲಿತದ್ದರಲ್ಲಿ ಬಹಳಷ್ಟು ಒಳ್ಳೆಯದೇ. ಆದರೆ ದೇಹದ ಸಂಗತಿಯನ್ನು ದೇಹದ ಮಾತಿನಲ್ಲಿ ಹೇಳುವುದನ್ನು ಅಲ್ಲಿ ಕಲಿಯಲಿಲ್ಲ. ಅದನ್ನು ಅರವತ್ತೆಂಟನೇ ವಯಸ್ಸಿನಲ್ಲಿ ಮಗಳ ದವಾಖಾನೆಯಲ್ಲಿ ಕಲಿಯಬೇಕಾಯಿತು.

ಮೊದಲನೇ ದಿನ ಒಬ್ಬ ಮುದುಕಿಗೆ ‘ಮೋಷನ್ ರೆಗ್ಯುಲರ್ ಆಗಿ ಆಗುತ್ತದೆಯೇ’ ಎಂದು ನಾನು ನಯವಾಗಿ ಕೇಳಿದಾಗ ಆಕೆ ಗುತ್ತಲದ ಬಸ್ಸು ರೆಗ್ಯುಲರ್ ಇಲ್ಲ ಎಂದು ದೂರಿದಳು. ಒಳಗಿನಿಂದ ಮಗಳು ನಗುತ್ತಾ ಕೂಗಿದಳು, “ಮಮ್ಮಿ, ಸಂಡಾಸ ಸರಳ ಆಕ್ಕೈತೇನು ಅಂತ ಕೇಳು.” ನನ್ನ ಕಿವಿ ಬಿಸಿಯಾದವು. ಆದರೆ ಕೇಳಿದೆ. ಆಮೇಲೆ ರೂಢಿಯಾಯಿತು. ಹುಳಿ ತೇಗು, ಎದಿ ಉರಿ, ಹೊಟ್ಟಿ ಉಬ್ಬರ, ತಲೆಗೇರಿದ ಗ್ಯಾಸ್, ಬೆನ್ನಿಗೆ ಇಳಿದ ಗ್ಯಾಸ್, ಎಲ್ಲವನ್ನೂ ನಾಚಿಕೆಯಿಲ್ಲದೆ ಬರೆದುಕೊಳ್ಳುವ ಹಾಗಾದೆ. ಬಂದವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು, ಶಾಲೆಯ ಟೀಚರಿಗೆ ನಮ್ಮ ಕಡೆ ಅನ್ನುವ ಹಾಗೆ. ನನಗೆ ಅದು ಹಿತವಾಗಿತ್ತು.

ಮಗಳು ವಾರದಲ್ಲಿ ಒಂದು ದಿನ ರಾಣೆಬೆನ್ನೂರಿನ ನರ್ಸಿಂಗ್ ಹೋಮಿಗೆ ಹೋಗುತ್ತಾಳೆ. ಅಲ್ಲಿಗೆ ಬರುವವರು ದಪ್ಪ ಫೈಲು, ಹಳೆಯ ಸ್ಕ್ಯಾನು, ಇಂಟರ್ನೆಟ್ಟಿನಲ್ಲಿ ಓದಿದ ಸಂಶಯ ಎಲ್ಲ ಹಿಡಿದುಕೊಂಡು ಬರುತ್ತಾರೆ. ಬೀಜದ ಕಂಪನಿಯವರು, ಅಂಗಡಿಕಾರರು, ಒಂದು ಪ್ರಶ್ನೆಗೆ ನಾಲ್ಕು ಉತ್ತರ ಕೊಡುವವರು. ಬ್ಯಾಡಗಿಯದು ಬೇರೆ. ಅಲ್ಲಿ ಅವಳು ಭಾನುವಾರ ಒಂದು ಶಾಲೆಯ ಕೋಣೆಯಲ್ಲಿ ಕ್ಯಾಂಪ್ ಮಾಡುತ್ತಿದ್ದಳು. ಬರುತ್ತಿದ್ದವರು ಹೆಚ್ಚಾಗಿ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು. ಬೆಳಿಗ್ಗೆ ರಾಶಿಯ ಮುಂದೆ ಕೂತರೆ ಸಂಜೆಯವರೆಗೆ ಒಂದೊಂದೇ ಕಾಯಿ ಎತ್ತಿ ತೊಟ್ಟು ಕಿತ್ತು ಬದಿಗೆ ಹಾಕುವ ಕೆಲಸ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡೇ ಕೂರುತ್ತಾರೆ. ಕೋಣೆಯೊಳಗೆ ಬಂದ ಮೇಲೂ ಅವರ ಸೀರೆಯಿಂದ ಘಾಟು ಏಳುತ್ತಿತ್ತು. ಮೊದಲ ಅರ್ಧ ತಾಸು ನಾನು ಸೀನುವುದು, ಅವರು ನಗುವುದು.

ಆ ಹೆಂಗಸರ ಹೊಟ್ಟೆ ಕೆಡುವುದು ಮೆಣಸಿನಕಾಯಿಯಿಂದ ಎಂದು ಇಡೀ ಊರು ನಂಬಿದೆ. ಡಾಕ್ಟರುಗಳೂ ನಂಬಿದ್ದಾರೆ. ಮಗಳಿಗೆ ನಂಬಿಕೆ ಇರಲಿಲ್ಲ. ಗೋದಾಮಿನಲ್ಲಿ ಹೆಂಗಸರಿಗೆ ಹೋಗಲು ಜಾಗ ಇರುವುದಿಲ್ಲ, ಅದಕ್ಕೆ ಅವರು ದಿನವೆಲ್ಲ ನೀರು ಕುಡಿಯುವುದಿಲ್ಲ, ಹೊತ್ತು ಮೀರಿ ಉಣ್ಣುತ್ತಾರೆ, ಹಲ್ಲಿಗೆ ಹೊಗೆಸೊಪ್ಪಿನ ಪುಡಿ ತಿಕ್ಕುತ್ತಾರೆ, ಹೊಟ್ಟೆಯೊಳಗೆ ಹುಣ್ಣು ಮಾಡುವ ಒಂದು ಬ್ಯಾಕ್ಟೀರಿಯಾ ಬೇರೆ ಇರುತ್ತದೆ. ಇದನ್ನೆಲ್ಲ ಬಿಟ್ಟು ಪಾಪ, ಕಾಯಿಯನ್ನೇ ಏಕೆ ಬೈಯುತ್ತೀರಿ ಎನ್ನುವುದು ಅವಳ ವಾದ. ಅದನ್ನು ನೋಡಲು ಒಂದು ಸ್ಟಡಿ ಶುರು ಮಾಡಿದಳು. ಯಾರ ಹಣವೂ ಇಲ್ಲ, ಸಹಾಯಕ್ಕೆ ಜನರಿಲ್ಲ. ಹೆಂಗಸರ ಬಳಿ ಕೂತು ಪ್ರಶ್ನೆ ಕೇಳಿ ಫಾರ್ಮ್ ತುಂಬಲು ನಾನು.

ನಾಲ್ಕು ಪುಟದ ಫಾರ್ಮ್. ಕೊನೆಯ ಪುಟದಲ್ಲಿ ಒಂದು ಪಟ್ಟಿ. ಮಗಳು ಅದನ್ನು ಅಲಾರ್ಮ್ ಪೇಜ್ ಎನ್ನುತ್ತಿದ್ದಳು. ರಕ್ತ ವಾಂತಿ, ಕಪ್ಪು ಸಂಡಾಸ, ನುಂಗಲು ತ್ರಾಸು, ಕಾರಣವಿಲ್ಲದೆ ತೂಕ ಇಳಿಯುವುದು. ಈ ಪುಟದಲ್ಲಿ ಒಂದೇ ಒಂದು ‘ಯೆಸ್’ ಬಂದರೂ ಆ ಹೆಂಗಸು ಸ್ಟಡಿಯಿಂದ ಹೊರಗೆ. ಆಕೆಗೆ ಮಾತ್ರೆ ಕೊಟ್ಟು ಕಾಯುವ ಹಾಗಿಲ್ಲ, ಅದೇ ವಾರ ಹಾವೇರಿಗೆ ಕರೆಸಿ ಎಂಡೋಸ್ಕೋಪಿ ಮಾಡಬೇಕು. ‘ನೋ’ ಬಂದವರು ಮಾತ್ರ ಸ್ಟಡಿಯಲ್ಲಿ. ಅವರಿಗೆ ಮಾತ್ರೆ, ಊಟದ ಚಾರ್ಟು, ಎರಡು ತಿಂಗಳು ಬಿಟ್ಟು ಮತ್ತೆ ಭೇಟಿ.

“ಮಮ್ಮಿ, ಸಂಶಯ ಬಂದ್ರ ಯೆಸ್ ಹಾಕು,” ಎಂದು ಅವಳು ಮೊದಲ ದಿನವೇ ಹೇಳಿದ್ದಳು. “ನಿನಗ ಡೌಟ್ ಅನಿಸಿದ್ರ ಸಾಕು. ನಾ ನೋಡ್ಕೋತೇನಿ.”

ಇದನ್ನು ಬರೆಯದೆ ಮುಂದೆ ಹೋದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ. ಅದಕ್ಕೇ ಬರೆದೆ.

ಬೇಸಿಗೆ ಬಲಿಯುವ ಹೊತ್ತಿಗೆ ಸ್ಟಡಿಗೆ ಬೇಕಾದಷ್ಟು ಹೆಂಗಸರು ಸೇರುತ್ತ ಬಂದಿದ್ದರು. ಆ ಭಾನುವಾರ ಎಣಿಸಿದರೆ ಇನ್ನೊಬ್ಬಳು ಸಿಕ್ಕರೆ ಮುಗಿಯುತ್ತಿತ್ತು. ಒಂದು ಕಾನ್ಫರೆನ್ಸಿಗೆ ಮಗಳು ಸಾರಾಂಶ ಕಳಿಸಬೇಕಾದ ಕೊನೆಯ ದಿನವೂ ಹತ್ತಿರ ಬಂದಿತ್ತು. ಅವಳು ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಆದರೆ ಹಿಂದಿನ ಎರಡು ವಾರ ಬಂದ ಹೆಂಗಸರಲ್ಲಿ ಒಬ್ಬಳಿಗೆ ಕಪ್ಪು ಸಂಡಾಸ, ಇನ್ನೊಬ್ಬಳಿಗೆ ನುಂಗಲು ತ್ರಾಸು, ಇಬ್ಬರೂ ಹೊರಗೆ. ಅವಳ ಮುಖ ಸಪ್ಪಗಾದದ್ದನ್ನು ನಾನು ನೋಡಿದ್ದೆ. ತಾಯಿಯ ಕಣ್ಣು ಏನು ಬೇಕಾದರೂ ನೋಡುತ್ತದೆ, ಬೇಡದ್ದನ್ನು ನೋಡುವುದಿಲ್ಲ.

ಮಧ್ಯಾಹ್ನ ಒಂದರ ಸುಮಾರಿಗೆ ಕೊನೆಯವಳಾಗಿ ಆಕೆ ಬಂದಳು. ನಲವತ್ತರ ಆಸುಪಾಸು. ಗುತ್ತಲದ ಕಡೆಯ ತವರು, ಮದುವೆ ಮಾಡಿ ಕೊಟ್ಟದ್ದು ಬ್ಯಾಡಗಿಗೆ. ಗಂಡ ಮಾರ್ಕೆಟ್ಟಿನಲ್ಲಿ ಹಮಾಲ, ಚೀಲ ಹೊರುವವನು. ತಾನು ತೊಟ್ಟು ಮುರಿಯುವವಳು. ಮಾತು ಚುರುಕು. ನಾನು ಸೀನಿದ್ದಕ್ಕೆ, “ನಾವು ಖಾರದಾಗ ಹುಟ್ಟೇವ್ರಿ, ನೀವು ಸಕ್ಕರಿಯಾಗ ಹುಟ್ಟೀರಿ,” ಎಂದಳು. ಎರಡು ತುತ್ತಿಗೆ ಹೊಟ್ಟೆ ತುಂಬುತ್ತದೆ, ಉಂಡದ್ದು ಮೇಲೆ ಬಂದ ಹಾಗಾಗುತ್ತದೆ, ತೇಗು ಬರುತ್ತದೆ ಎಂದಳು. ಎಲ್ಲ ನಮ್ಮ ಸ್ಟಡಿಗೆ ಹೇಳಿ ಮಾಡಿಸಿದಂತೆ. ನಾನು ಒಂದೊಂದೇ ಚೌಕದಲ್ಲಿ ಟಿಕ್ ಹಾಕುತ್ತ ನಾಲ್ಕನೇ ಪುಟಕ್ಕೆ ಬಂದೆ. ರಕ್ತ ಇಲ್ಲ. ಕಪ್ಪು ಇಲ್ಲ. ನುಂಗಲು ತ್ರಾಸಿಲ್ಲ.

ತೂಕ ಏನಾದರೂ ಇಳಿದಿದೆಯೇ ಎಂದು ಕೇಳಿದೆ.

“ತೂಕ ಯಾರ ನೋಡ್ಯಾರ್ರಿ ಅಕ್ಕಾರ,” ಎಂದಳು. ಮುಂದೆ ತನ್ನಷ್ಟಕ್ಕೇ, “ಆದ್ರ ಯುಗಾದಿಗೆ ಬಳಿ ಇಡಿಸ್ಕೊಳ್ಳಾಕ ಹೋಗಿದ್ನಿ. ನನಗ ಯಾವಾಗ್ಲೂ ಎರಡೂ ಎಂಟರ ಅಳತಿ ಬೇಕ್ರಿ, ಅದೂ ಸೋಪ್ ಹಚ್ಚಿ ಏರಿಸ್ಬೇಕು. ಈ ಸಲ ಎರಡೂ ಆರು ಸುಮ್ನ ಹೋದುವು. ಬಳಿಗಾರ ಮುತ್ತ್ಯಾ ಅಂದ, ಯವ್ವಾ, ನೀ ಯಾರ ಕೈ ತಂದೀದಿ ಅಂತ,” ಎಂದು ನಕ್ಕು ಕೈ ಎತ್ತಿದಳು. ಹಸಿರು ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಯ ಹತ್ತಿರ ಹೋಗಿ ನಿಂತವು.

ನಾನು ಆ ಕೈಯನ್ನು ನೋಡಿದೆ. ಪೆನ್ನು ‘ಯೆಸ್’ ಎನ್ನುವ ಚೌಕದ ಮೇಲೆ ಹೋಯಿತು. ಅದರ ಪಕ್ಕದಲ್ಲಿ ‘ಹೌದಾದರೆ ಎಷ್ಟು ಕೆ.ಜಿ.’ ಎಂದು ಒಂದು ಗೆರೆ ಇತ್ತು. ಅಲ್ಲಿ ಏನು ಬರೆಯಲಿ? ಬಳೆಯ ಅಳತೆಯನ್ನೇ? ಬಳೆ ಎವಿಡೆನ್ಸ್ ಅಲ್ಲ ಎಂದು ನನ್ನೊಳಗೆ ಯಾರೋ ಶುದ್ಧ ಇಂಗ್ಲಿಷಿನಲ್ಲಿ ಹೇಳಿದರು. ಬೇಸಿಗೆಯಲ್ಲಿ ದುಡಿಯುವವರು ಎಲ್ಲರೂ ಸೊರಗುತ್ತಾರೆ ಎಂದೂ ಹೇಳಿದರು. ಇವಳನ್ನು ಬಿಟ್ಟರೆ ಇನ್ನೊಂದು ಭಾನುವಾರ ಎಂದೂ ಹೇಳಿದರು. ಹಸಿವಾಗಿತ್ತು. ನಾನು ‘ನೋ’ ಎನ್ನುವುದಕ್ಕೆ ಟಿಕ್ ಹಾಕಿದೆ. ಆಕೆಯ ಸಹಿ ತೆಗೆದುಕೊಂಡೆ. ಒಳಗಿನ ಕೋಣೆಯಲ್ಲಿದ್ದ ಮಗಳಿಗೆ, “ದಿ ಲಾಸ್ಟ್ ಒನ್, ಡಾಕ್ಟರ್!” ಎಂದೆ. ಅವಳು ಎದ್ದು ಬಂದು ನನ್ನ ಹೆಗಲು ತಬ್ಬಿಕೊಂಡಳು. ಅಷ್ಟು ದಿನದಲ್ಲಿ ಅವಳು ನನ್ನನ್ನು ಹಾಗೆ ತಬ್ಬಿದ್ದು ಅದೇ ಮೊದಲು. ನನಗೆ ತುಂಬ ಸುಖವಾಯಿತು. ಆ ಸುಖದ ನೆನಪೇ ಈಗ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ.

ಆಮೇಲೆ ಅವಳು ಆ ಹೆಂಗಸಿನ ಹೊಟ್ಟೆ ಮುಟ್ಟಿ ನೋಡಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಬೇರೇನಾದರೂ ಇದೆಯೇ ಎಂದು ಕೇಳಿದಳು. ಆಕೆ, “ಎಲ್ಲಾ ಅಕ್ಕಾರ ಮುಂದ ಹೇಳೇನ್ರಿ,” ಎಂದಳು. ಮಗಳು ಫಾರ್ಮಿನ ನಾಲ್ಕನೇ ಪುಟ ತಿರುವಿ ನೋಡಿ, ಮಾತ್ರೆ ಬರೆದುಕೊಟ್ಟಳು.

ಎರಡು ತಿಂಗಳ ಭೇಟಿಗೆ ಆಕೆ ಬರಲಿಲ್ಲ. ಹಾಗೆ ಬಾರದವರು ಇನ್ನೂ ಕೆಲವರಿದ್ದರು. ಫೋನ್ ಮಾಡಿದಾಗ ಗಂಡ ಎತ್ತಿ, ಮಾತ್ರೆಯಿಂದ ಸ್ವಲ್ಪ ಆರಾಮ ಇದ್ದಾಳೆ, ಕೆಲಸಕ್ಕೆ ಹೋಗಿದ್ದಾಳೆ ಎಂದ. ಆರಾಮ ಎಂದು ನಾನೇ ಬರೆದುಕೊಂಡೆ.

ಐದನೇ ತಿಂಗಳಿಗೆ ಗಂಡನೇ ಆಕೆಯನ್ನು ಹಾವೇರಿಯ ದವಾಖಾನೆಗೆ ಕರೆದುಕೊಂಡು ಬಂದ. ನಾನು ಗುರುತು ಹಿಡಿಯಲಿಲ್ಲ. ಹೆಸರು ಬರೆದುಕೊಳ್ಳುವಾಗ ತಲೆ ಎತ್ತಿ ನೋಡಿದೆ. ರವಿಕೆ ತೋಳಿಗೆ ಅಂಟಿರಲಿಲ್ಲ, ಜೋತಾಡುತ್ತಿತ್ತು. ಹಿಂದಿನ ದಿನ ಉಂಡ ಅನ್ನ ಈ ದಿನ ಹಾಗೇ ವಾಂತಿಯಾಗುತ್ತದೆ ಎಂದ ಗಂಡ. ಆಕೆ ನನ್ನತ್ತ ನೋಡಿ ಬಾಯಿಯ ಒಂದು ಬದಿಯಲ್ಲಿ ನಕ್ಕಳು.

ಎಂಡೋಸ್ಕೋಪಿ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಗಳ ಕೆಲಸ ನಾನು ಎಷ್ಟೋ ಸಲ ನೋಡಿದ್ದೇನೆ. ಪರದೆಯ ಮೇಲೆ ಹೊಟ್ಟೆಯ ಒಳಗು ಗುಲಾಬಿಯಾಗಿ, ಒದ್ದೆಯಾಗಿ, ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುತ್ತದೆ. ಮಗಳು ಆಗ ಬಗ್ಗಿ, ಏನೇನೋ ಗುನುಗುತ್ತ ಕೆಲಸ ಮಾಡುತ್ತಾಳೆ. ಆ ದಿನ ಗುನುಗುವುದು ನಿಂತಿತು. ಹೊಟ್ಟೆಯಿಂದ ಕರುಳಿಗೆ ಇಳಿಯುವ ಬಾಯಿಯ ಹತ್ತಿರ ಗಡ್ಡೆ, ಅನ್ನ ಕೆಳಗಿಳಿಯಲು ದಾರಿಯೇ ಇರಲಿಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ರಿಪೋರ್ಟು ಬರುವ ಮೊದಲೇ ಅವಳಿಗೆ ಗೊತ್ತಿತ್ತು. ಅವಳ ಬೆನ್ನು ನೋಡಿ ನನಗೂ ಗೊತ್ತಾಯಿತು.

ಸಂಜೆ ಅವಳು ಹಳೆಯ ಫಾರ್ಮ್ ತೆಗೆದು ನಾಲ್ಕನೇ ಪುಟ ನೋಡಿದಳು. ಅಲ್ಲಿ ‘ನೋ’ ಎನ್ನುವುದರ ಮೇಲೆ ನನ್ನ ಟಿಕ್, ದುಂಡಗೆ, ಸ್ವಚ್ಛವಾಗಿ. “ಆಕಿ ಹೇಳಲಿಲ್ಲ,” ಎಂದಳು. ನಾನು ಅಡಿಗೆಮನೆಯಲ್ಲಿ ನಿಂತಿದ್ದೆ. ಮಜ್ಜಿಗೆ ಕಡೆಯುತ್ತಿದ್ದೆ. ಕಡೆಯುವುದನ್ನು ನಿಲ್ಲಿಸಲಿಲ್ಲ.

ಆಪರೇಷನ್ ಹುಬ್ಬಳ್ಳಿಯಲ್ಲಿ ಆಯಿತು. ಗಡ್ಡೆ ಹೊಟ್ಟೆಯ ಗೋಡೆಯನ್ನು ದಾಟಿತ್ತಂತೆ. ಹೊಟ್ಟೆಯ ಬಹುಭಾಗ ತೆಗೆದರು, ಆಮೇಲೆ ಕೀಮೋ ಎಂದರು. ಮಗಳು ದಿನಾ ಆ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತಿದ್ದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ರಾಣೆಬೆನ್ನೂರಿನ ಡಾಕ್ಟರುಗಳ ಒಂದು ಸಭೆಯಲ್ಲಿ ಅವಳು ಈ ಸ್ಟಡಿಯ ಬಗ್ಗೆ ಮಾತಾಡಿದಳು. ಹೋಟೆಲಿನ ಮೇಲಿನ ಹಾಲು, ಹಿಂದೆ ಊಟದ ತಯಾರಿ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ, ರೇಷ್ಮೆ ಸೀರೆ ಉಟ್ಟುಕೊಂಡು, ಬುದ್ಧಿಯಿಲ್ಲದವಳ ಹಾಗೆ. ಅವಳು ಚೆನ್ನಾಗಿ ಮಾತಾಡಿದಳು. ಮೆಣಸಿನಕಾಯಿಯ ಬಗ್ಗೆ ಹೇಳಿದಾಗ ಜನ ನಕ್ಕರು. ಕೊನೆಗೆ ಒಂದು ಸ್ಲೈಡ್ ಬಂತು. ಈ ಭಾಗದ ಹೆಣ್ಣುಮಕ್ಕಳು ತೂಕ ಇಳಿದದ್ದನ್ನು ಹೇಳಿಕೊಳ್ಳುವುದಿಲ್ಲ, ನೇರ ಕೇಳಿದರೂ ಮುಚ್ಚಿಡುತ್ತಾರೆ. ಉದಾಹರಣೆಗೆ ಒಬ್ಬಾಕೆ, ವಯಸ್ಸು ಮಾತ್ರ, ಹೆಸರಿಲ್ಲ. ಕೆಳಗೆ ನಾನು ತುಂಬಿದ ಪುಟದ ಆ ಸಾಲು, ಫೋಟೋ ಹಿಡಿದದ್ದು.

ಮುಂದಿನ ಸಾಲಿನ ಹಿರಿಯ ಡಾಕ್ಟರೊಬ್ಬರು ತಲೆ ಅಲ್ಲಾಡಿಸಿ, “ಖರೇ ಐತ್ರಿ. ನಮ್ಮ ಹೆಣಮಕ್ಳು ನೆಲಕ್ಕ ಬಿದ್ದ ಮ್ಯಾಲೆ ಹೇಳ್ತಾರ, ಜಡ್ಡ ಐತಿ ಅಂತ,” ಎಂದರು. ಎಲ್ಲರೂ ಒಪ್ಪಿದರು. ಒಬ್ಬರು ಅದನ್ನು ಬರೆದುಕೊಂಡರು.

ನನ್ನ ಸುಳ್ಳು ಒಂದು ಫೈಂಡಿಂಗ್ ಆಗಿತ್ತು. ನಾನು ಮುಚ್ಚಿಟ್ಟದ್ದು ಆಕೆ ಮುಚ್ಚಿಟ್ಟದ್ದಾಗಿ, ಆಕೆಯಿಂದ ಎಲ್ಲ ಹೆಂಗಸರೂ ಮುಚ್ಚಿಡುವವರಾಗಿ, ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಿಂತಿತ್ತು.

ಹಾವೇರಿಗೆ ವಾಪಸು ಬರುವಾಗ ಕಾರಿನಲ್ಲಿ ನಾನು ಬಾಯಿ ತೆರೆದೆ. ಆದರೆ ಹೇಗೆ ತೆರೆದೆ ನೋಡಿ. “ದೇರ್ ಮೇ ಹ್ಯಾವ್ ಬೀನ್ ಆ್ಯನ್ ಓವರ್‌ಸೈಟ್ ಆನ್ ಮೈ ಪಾರ್ಟ್,” ಎಂದೆ, ನನ್ನ ಕಡೆಯಿಂದ ಕಣ್ತಪ್ಪು ಆಗಿರಬಹುದು ಎನ್ನುವ ಹಾಗೆ. ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳುವುದು ಕೈಗವಸು ಹಾಕಿಕೊಂಡು ಕೆಂಡ ಹಿಡಿದಷ್ಟು ಸುಲಭ. ಮಗಳು ರಸ್ತೆಯಿಂದ ಕಣ್ಣು ತೆಗೆಯದೆ, “ನೀ ಸುಮ್ನ ನಿನ್ನ ಮ್ಯಾಲ ಹಾಕ್ಕೋಬ್ಯಾಡ ಮಮ್ಮಿ. ಆಕಿ ಹೇಳಿರಲಿಕ್ಕಿಲ್ಲ. ಹೇಳಿದ್ರ ನೀ ಬರೀದ ಬಿಡ್ತಿದ್ಯೇನು?” ಎಂದಳು. ಆ ಪ್ರಶ್ನೆಗೆ ಉತ್ತರ ಒಂದೇ ಒಂದು ಪದ. ನಾನು ಕಿಟಕಿಯ ಗಾಜು ಸ್ವಲ್ಪ ಇಳಿಸಿದೆ, ಗಾಳಿ ಬರಲಿ ಎಂದು.

ಎರಡು ವಾರದ ಮೇಲೆ, ಮಗಳಿಗೆ ಹೇಳದೆ, ಬೆಳಗಿನ ಬಸ್ಸು ಹಿಡಿದು ಬ್ಯಾಡಗಿಗೆ ಹೋದೆ. ತಪ್ಪು ಹೇಳಿಕೊಳ್ಳಲು ಹೋದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಆಕೆ ಹೇಗಿದ್ದಾಳೆ ನೋಡಿ, ಎಳನೀರು ಕೊಟ್ಟು, ತಲೆ ಸವರಿ ಬರಲು ಹೋದೆ. ಹಾಗೆ ಮಾಡಿದರೆ ಎದೆಯ ಭಾರ ಇಳಿದೀತು ಎಂದುಕೊಂಡಿದ್ದೆ. ಮೋಟೆಬೆನ್ನೂರು ದಾಟಿ ಬಸ್ಸು ತಿರುಗಿದ ಮೇಲೆ ಘಾಟು ಶುರುವಾಯಿತು, ಸೀಟಿನಲ್ಲಿದ್ದವರು ಒಬ್ಬರಾದ ಮೇಲೆ ಒಬ್ಬರು ಕೆಮ್ಮಿದರು.

ಮನೆ ಗೋದಾಮುಗಳ ಹಿಂದಿನ ಓಣಿಯಲ್ಲಿ. ಎರಡು ಖೋಲಿ, ಮುಂದೆ ಸಣ್ಣ ಕಟ್ಟೆ. ಆಕೆಯ ಅತ್ತೆ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಯಾರೆಂದು ಹೇಳಿದೆ. ಬರ್ರಿ, ಕುಂದರ್ರಿ ಎಂದು ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ದನಿ ಇಳಿಸದೆಯೇ, ಒಳಗಿನ ಸೊಸೆಗೂ ಕೇಳುವ ಹಾಗೆ ಹೇಳಿದಳು:

“ಡಾಕ್ಟರ್ ಬಾಯಾರು ಕೇಳಿದ್ರಂತ, ತೂಕ ಇಳದೈತೇನು ಅಂತ. ಈಕಿ ಇಲ್ಲ ಅಂದಾಳ. ಬಾಯಿ ಬಿಟ್ಟಿದ್ರ ಆವತ್ತ ಗೊತ್ತಾಕ್ಕಿತ್ತು. ಗಂಡ ಕೆಲಸ ಬಿಡಸ್ತಾನ ಅಂತ ಮುಚ್ಚಿಟ್ಕೊಂಡ್ಳು. ಈಗ ನೋಡ್ರಿ, ಎಲ್ಲಾರೂ ಕೂಡಿ ಅನುಭವಸಾಕತ್ತೇವಿ.”

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಫೈಲು ಓದಿದ ಯಾರೋ ಇದನ್ನು ಮನೆಯವರಿಗೆ ಹೇಳಿದ್ದರು. ಮೊದಲೇ ಹೇಳಬೇಕಿತ್ತು ಎಂದು ಬೈದಿದ್ದರು.

ಒಳಗಿನ ಖೋಲಿಯಲ್ಲಿ ಆಕೆ ಗೋಡೆಗೆ ಒರಗಿ ಕೂತಿದ್ದಳು. ಮುಂದೆ ಸಣ್ಣ ಬಟ್ಟಲಲ್ಲಿ ಗಂಜಿ. ಚಮಚದಲ್ಲಿ ಅರ್ಧ ತೆಗೆದುಕೊಂಡು, ಅದು ಇಳಿಯುವವರೆಗೆ ಕಾದು, ಮತ್ತೆ ಅರ್ಧ. ನಾನು ಪಕ್ಕದಲ್ಲಿ ಕೂತೆ. ಎಳನೀರಿನ ಚೀಲವನ್ನು ಇತ್ತಿಂದತ್ತ ಸರಿಸಿದೆ. ಆಕೆಯೇ ಶುರು ಮಾಡಿದಳು.

“ಅಕ್ಕಾರ, ಒಂದು ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಾ ನಿಮ್ಮ ಮುಂದ ಬಳಿ ಮಾತು ಹೇಳಿದ್ನಿ ಅನಸ್ತೈತಿ. ಹೇಳಿದ್ನೋ, ಹೇಳಬೇಕು ಅಂತ ಮನಸಿನ್ಯಾಗ ಅಂದ್ಕೊಂಡು ಸುಮ್ನಾದ್ನೋ, ಈಗ ನೆನಪ ಆಗವಲ್ದು. ಎಲ್ಲಾರೂ ಹೇಳಿಲ್ಲ ಅಂತಾರ. ಹೇಳಿರಲಿಕ್ಕಿಲ್ಲ ತಗೋರಿ. ನೀವು ಕೇಳಿದ್ರೂ ಹೇಳಲಿಲ್ಲ ಅಂತ ನಿಮಗ ಎಷ್ಟ ಕೆಟ್ಟ ಅನಿಸಿರಬೇಕು.”

ಆಕೆ ನನ್ನಲ್ಲಿ ಕ್ಷಮೆ ಕೇಳುತ್ತಿದ್ದಳು. ರೋಗವನ್ನಷ್ಟೇ ಅಲ್ಲ, ಆಕೆಯ ನೆನಪನ್ನೂ ನಾನು ಕೆಡಿಸಿದ್ದೆ.

“ಹೇಳಿದ್ದಿ,” ಎಂದೆ.

ಆಕೆ ಚಮಚ ಕೆಳಗಿಟ್ಟಳು.

“ನೀ ಹೇಳಿದ್ದಿ. ಬಳಿಗಾರ ಅಂದದ್ದೂ ಹೇಳಿದ್ದಿ. ಕೈ ಎತ್ತಿ ತೋರಿಸಿದ್ದಿ. ನಾನ ಬರೀಲಿಲ್ಲ. ತೂಕ ಇಳದಿಲ್ಲ ಅಂತ ಬರದೆ.”

“ಮರತ್ರೇನು?”

ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆಕೆ ನನಗೆ ಬಾಗಿಲು ತೆರೆದು ಕೊಟ್ಟಿದ್ದಳು.

“ಇಲ್ಲ. ಮರೀಲಿಲ್ಲ. ಹಂಗ ಬರದ್ರ ನಿನ್ನ ಲೆಕ್ಕದಿಂದ ಬಿಡಬೇಕಾಗ್ತಿತ್ತು. ನನ್ನ ಮಗಳಿಗೆ ಇನ್ನೊಬ್ಬಾಕಿ ಬೇಕಾಗಿದ್ಲು, ಅದಕ್ಕ. ಆಕಿಗೆ ಇದು ಗೊತ್ತಿಲ್ಲ.”

ಆಕೆ ಅಳಲಿಲ್ಲ, ಬೈಯಲಿಲ್ಲ. ಆಮೇಲೆ ಗೋಡೆ ಹಿಡಿದು ನೆಟ್ಟಗೆ ಕೂತು, ಇದ್ದಷ್ಟು ಶಕ್ತಿ ಕೂಡಿಸಿ ಕರೆದಳು: “ಅತ್ತೀ, ಒಳಗ ಬರ್ರಿ. ಇವರ್ನೂ ಕರೀರಿ, ಹಿತ್ತಲದಾಗ ಅದಾರ.”

ಅತ್ತೆ ಬಂದಳು. ಗಂಡ ಒದ್ದೆ ಕೈ ಟವೆಲ್ಲಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತ. ಆಕೆ ನನ್ನ ಕಡೆ ತಿರುಗಿದಳು.

“ಅಕ್ಕಾರ, ಇನ್ನೊಮ್ಮೆ ಹೇಳ್ರಿ.”

ಮೊದಲನೇ ಸಲ ಹೇಳಿದ್ದು ನನ್ನ ಎದೆ ಹಗುರಾಗಲಿ ಎಂದಿರಬಹುದು. ಎರಡನೆಯದು ಆಕೆಗಾಗಿ. ಎಲ್ಲವನ್ನೂ ಹೇಳಿದೆ, ಒಂದೂ ಇಂಗ್ಲಿಷ್ ಪದ ಸೇರಿಸದೆ. ಗಂಡ ಕೇಳಿ ನೆಲ ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವನು ಆಕೆಗೆ ಈ ದಿನಗಳಲ್ಲಿ ಏನೇನು ಅಂದಿದ್ದನೋ ಗೊತ್ತಿಲ್ಲ, ಅದೆಲ್ಲ ಅವನ ಮುಖದ ಮೇಲೆ ಬಂದು ಹೋಯಿತು.

ಅತ್ತೆ ಮಾತ್ರ ನನ್ನನ್ನೇ ನೋಡುತ್ತಿದ್ದಳು. “ನೀವು ಕಲತವ್ರು ಬರದದ್ದು ಖರೇ ಅಂತ ನಾವು ಮನಿ ಸೊಸಿನ್ನ ಸುಳ್ಳಿ ಮಾಡಿದ್ವಿ,” ಎಂದಳು. ಅಷ್ಟೇ. ಎದ್ದು ಸೊಸೆಯ ಬಟ್ಟಲಲ್ಲಿ ತಣ್ಣಗಾದ ಗಂಜಿಯನ್ನು ಒಲೆಯ ಕಡೆ ಒಯ್ದಳು, ಬಿಸಿ ಮಾಡಲು. ನನಗೆ ಕೂರು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನೇ ಎದ್ದೆ.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಮಗಳಿಗೆ ಫೋನ್ ಮಾಡಿದೆ. ರೋಗಿಗಳ ನಡುವೆ ಇದ್ದಳು, ಆಮೇಲೆ ಮಾಡು ಎಂದಳು. ಆಮೇಲೆ ಎಂದರೆ ನನಗೆ ಧೈರ್ಯ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಮೂರನೇ ಸಲ ಹೇಳಿದೆ. ಆ ಕಡೆ ಕುರ್ಚಿ ಸರಿದ ಸದ್ದು, ಬಾಗಿಲು ಮುಚ್ಚಿದ ಸದ್ದು. ಸಿಟ್ಟಾಗುತ್ತಾಳೆ, ಅಳುತ್ತಾಳೆ, ತನ್ನ ಪೇಪರಿನ ಗತಿಯೇನು ಎನ್ನುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

“ಇದೊಂದ ಏನು ಮಮ್ಮಿ? ಬ್ಯಾರೆ ಫಾರ್ಮ್‌ನಾಗೂ ಹಂಗ ಮಾಡಿಯೇನು?”

ಇಲ್ಲ ಎನ್ನಲು ಬಾಯಿ ತೆರೆದೆ. ಆಗಲಿಲ್ಲ. ಗೊತ್ತಿದ್ದು ಮಾಡಿದ್ದು ಇದೊಂದೇ. ಆದರೆ ಸುತ್ತಿ ಬಳಸಿ ಹೇಳಿದ ಎಷ್ಟು ಮಾತುಗಳನ್ನು ನಾನು ‘ನೋ’ ಎಂದು ಮುಗಿಸಿರಬಹುದು? ರವಿಕೆಗೆ ಹೊಲಿಗೆ ಹಾಕಿಸಿದೆ ಎಂದವಳು, ಕಾಲುಂಗುರ ಉದುರಿತು ಎಂದವಳು, ಹಾಗೆ ಯಾರಾದರೂ ಇದ್ದರೇ?

“ಗೊತ್ತಿಲ್ಲ,” ಎಂದೆ.

“ಮನಿಗೆ ಬಾ,” ಎಂದಳು ಮಗಳು.

ಕಾನ್ಫರೆನ್ಸಿಗೆ ಕಳಿಸಿದ್ದ ಸಾರಾಂಶವನ್ನು ಅವಳು ವಾಪಸು ತೆಗೆದುಕೊಂಡಳು. ರಾಣೆಬೆನ್ನೂರಿನ ಸಭೆಗೆ ಬಂದಿದ್ದವರೆಲ್ಲರಿಗೂ ಪತ್ರ ಬರೆದು, ಆ ಸ್ಲೈಡಿನ ಮಾತು ತಪ್ಪು, ರೋಗಿ ಹೇಳಿದ್ದಳು, ನಾವು ಬರೆದುಕೊಂಡಿಲ್ಲ ಎಂದು ತಿಳಿಸಿದಳು. ನಾವು ಎಂದು ಬರೆದಳು, ನನ್ನ ತಾಯಿ ಎಂದು ಬರೆಯಲಿಲ್ಲ. ನಾನು ಹಾಗೇ ಬರೆ ಎಂದೆ. ಅವಳು ಕೇಳಲಿಲ್ಲ. ಆ ಒಂದು ವಿಷಯದಲ್ಲಿ ನಮಗಿಬ್ಬರಿಗೂ ಇನ್ನೂ ಮಾತು ಸರಿಹೋಗಿಲ್ಲ.

ಐದು ತಿಂಗಳು ಮೊದಲೇ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಒಂದು ಸಲ ಕೇಳಿದೆ. “ಹೇಳಾಕ ಬರೂದಿಲ್ಲ ಮಮ್ಮಿ,” ಎಂದಳು, ರೋಗಿಗಳ ಮನೆಯವರಿಗೆ ಹೇಳುವ ದನಿಯಲ್ಲಿ. ಆ ದನಿ ನನಗೆ ಗೊತ್ತು. ಎರಡನೇ ಸಲ ಕೇಳಿಲ್ಲ. ಆಕೆಗೆ ಮೂರು ಸುತ್ತು ಕೀಮೋ ಆಗಿದೆ, ಇನ್ನೂ ಇವೆ. ಫೋನಿನಲ್ಲಿ ಈಗ ಗಂಡ ಮಾತಾಡುತ್ತಾನೆ, ಆಕೆಗೆ ಕೊಡು ಎಂದು ಕೇಳುವ ಹಕ್ಕು ನನಗಿಲ್ಲ.

ಹಳೆಯ ಫಾರ್ಮುಗಳನ್ನೆಲ್ಲ ನಾವು ಹೊರಗೆ ತೆಗೆದಿದ್ದೇವೆ. ಹೆಂಗಸರು ಹೇಳಿದ ಮಾತು ನೆನಪಿರುವವು ಒಂದು ಕಡೆ, ಏನೂ ನೆನಪಿಲ್ಲದವು ಇನ್ನೊಂದು ಕಡೆ. ಎರಡನೆಯದೇ ದೊಡ್ಡದು. ಅವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. ಸ್ಪೀಕರ್ ಹಾಕಿರುತ್ತದೆ, ಮಗಳು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಾಳೆ, ನಾನು ಕೇಳುವುದು ಮಾತ್ರ. ಕೆಲವರು ಎತ್ತುವುದಿಲ್ಲ. ಕೆಲವರ ನಂಬರೇ ಬದಲಾಗಿದೆ. ನಿನ್ನೆ ಒಬ್ಬಾಕೆ ಗೋದಾಮಿನಲ್ಲಿದ್ದಳು, ಹಿಂದೆ ಹೆಂಗಸರ ಮಾತು, ನಗು. ಆವತ್ತು ನೀವು ಹೇಳಿದ್ದನ್ನು ಇನ್ನೊಮ್ಮೆ ಕೇಳಬೇಕು ಎಂದೆ.

“ಈಗ ಕೈ ಬಿಡುವಿಲ್ರಿ ಅಕ್ಕಾರ,” ಎಂದಳು. “ಸಂಜಿಕ ಮಾಡ್ರಿ. ಹೇಳೂದು ಭಾಳ ಐತಿ.”